ಹಾಜಿರಾ ಓಡಿದ ದಾರಿ

ಬಕ್ರೀದ್ ದಿನ ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶುಭಾಶಯಗಳ ಸಾಲೇ ಬಂತು. ನಡುವೆ ಒಬ್ಬರು ಕೇಳಿದರು: 'ಹಜ್ ಅಂದ್ರೆ ಪೈಗಂಬರರ ಸಮಾಧಿಯ ದರ್ಶನ ಅಲ್ವಾ?' ಅಲ್ಲ. ದಾವಣಗೆರೆಯಲ್ಲಿ ಮುಸ್ಲಿಮರ ಪಕ್ಕದ ಮನೆಯಲ್ಲೇ ಬೆಳೆದ ನಮಗೂ ಇದು ಗೊತ್ತಿರುವುದಿಲ್ಲ. ಅದಕ್ಕೇ ಈ ಬರಹ.

ಸಮಾಧಿ ಇರುವುದು ಮದೀನಾದಲ್ಲಿ. ಹಜ್ ನಡೆಯುವುದು ಮೆಕ್ಕಾದಲ್ಲಿ, ಅದರ ಆಸುಪಾಸಿನ ಮಿನಾ, ಅರಫಾತ್, ಮುಝ್ದಲಿಫಾಗಳಲ್ಲಿ. ನಮ್ಮ ಕಡೆಯ ಯಾತ್ರಿಕರು ಸಾಮಾನ್ಯವಾಗಿ ಮದೀನಾಕ್ಕೂ ಹೋಗಿ ಬರುತ್ತಾರೆ. ಆದರೆ ಅಲ್ಲಿಗೆ ಹೋಗದಿದ್ದರೂ ಹಜ್ ಪೂರ್ತಿಯಾಗುತ್ತದೆ.

ಮುಹಮ್ಮದ್ ಪೈಗಂಬರರು 632ರಲ್ಲಿ ಹಜ್ ಮಾಡಿ ತೋರಿಸಿದ ಕ್ರಮವನ್ನೇ ಇವತ್ತಿಗೂ ಪಾಲಿಸುತ್ತಾರೆ. ವಿಧಿಗಳ ಹಿಂದಿನ ಕಥೆ ಮಾತ್ರ ಬಹುಮಟ್ಟಿಗೆ ಪ್ರವಾದಿ ಇಬ್ರಾಹೀಮರ ಮನೆಯದು. ಮೆಕ್ಕಾದ ಮಸೀದಿಯ ನಡುವಿನ ಪವಿತ್ರ ಕಟ್ಟಡ ಕಾಬಾ ಕಟ್ಟಿದ್ದು ಅವರು, ಮಗ ಇಸ್ಮಾಯಿಲರ ಜೊತೆ. ಮಿನಾದಲ್ಲಿ ಕಲ್ಲೆಸೆಯುವುದು ಅವರನ್ನು ದಾರಿ ತಪ್ಪಿಸಲು ಬಂದ ಸೈತಾನನ ನೆನಪಿಗೆ. ದೇವರ ಅಪ್ಪಣೆಗೆ ಅವರು ಮಗನನ್ನೇ ಬಲಿ ಕೊಡಲು ಹೊರಟ ಬಕ್ರೀದಿನ ಕುರ್ಬಾನಿ ಕಥೆ ಎಲ್ಲರೂ ಕೇಳಿದ್ದೇ.

ನನಗೆ ಜಾಸ್ತಿ ಹಿಡಿಸಿದ್ದು ಸಫಾ–ಮರ್ವಾ. ಇವೆರಡು ಕಾಬಾದ ಹತ್ತಿರದ ಸಣ್ಣ ಗುಡ್ಡಗಳು. ಹಜ್‌ನಲ್ಲಿ ಇವುಗಳ ನಡುವೆ ಏಳು ಸಲ ನಡೆಯಬೇಕು. ಅದರ ಹಿಂದಿನ ಕಥೆ ಇದು. ಬರಡು ಕಣಿವೆಯಲ್ಲಿ ಕೂಸು ಇಸ್ಮಾಯಿಲ್ ಬಾಯಾರಿ ಒದ್ದಾಡುತ್ತಿದೆ. ತಾಯಿ ಹಾಜಿರಾ ಒಂದು ಗುಡ್ಡ ಹತ್ತಿ ಯಾರಾದರೂ ಕಾಣುತ್ತಾರಾ ಅಂತ ನೋಡುತ್ತಾಳೆ, ಇಳಿದು ಇನ್ನೊಂದಕ್ಕೆ ಹೋಗುತ್ತಾಳೆ. ನಡುವಿನ ತಗ್ಗಿಗೆ ಬಂದಾಗ ಬಟ್ಟೆ ಎತ್ತಿ ಹಿಡಿದು ಓಡುತ್ತಾಳೆ. ಹೀಗೆ ಏಳು ಸಲ. ಕೊನೆಗೆ ಮಗುವಿನ ಹತ್ತಿರ ಚಿಮ್ಮಿದ ನೀರೇ ಝಮ್ ಝಮ್ ಎಂಬುದು ನಂಬಿಕೆ. ಈಗ ಅಲ್ಲಿ ಅಮೃತಶಿಲೆಯ ನೆಲ, ಏಸಿ. ಹಿಂದೆ ತಗ್ಗಿದ್ದ ಕಡೆ ಹಸಿರು ದೀಪ ಹಾಕಿದ್ದಾರೆ. ಆ ದೀಪಗಳ ನಡುವೆ ಗಂಡಸರು ಬಿರುಸಾಗಿ ಓಡಬೇಕು. ಹೆಂಗಸರು ನಡೆದರೆ ಸಾಕು! ಅವತ್ತು ಓಡಿದವಳು ಹೆಣ್ಣು. ಅವಳ ಹೆಸರಿನಲ್ಲಿ ಲಕ್ಷಾಂತರ ಗಂಡಸರು ಇವತ್ತಿಗೂ ಓಡುತ್ತಿದ್ದಾರೆ.

ಇನ್ನು ಪ್ರವಾದಿಗಳು. ಮೊದಲನೆಯವರು ಆದಮ್, ಕೊನೆಯವರು ಮುಹಮ್ಮದ್. ಕುರಾನಿನಲ್ಲಿ 25 ಮಂದಿಯ ಹೆಸರಿದೆ ಎಂಬುದು ರೂಢಿಯ ಲೆಕ್ಕ. ನೂಹ್, ಮೂಸಾ, ಈಸಾ ಎಲ್ಲರೂ ಅದರಲ್ಲಿದ್ದಾರೆ. ಈಸಾ ಅಂದರೆ ಯೇಸುವೇ, ಆದರೆ ದೇವರ ಮಗ ಅಲ್ಲ, ಪ್ರವಾದಿ. ಅವರ ತಾಯಿ ಮರ್ಯಮ್ ಹೆಸರಿನಲ್ಲಿ ಒಂದು ಅಧ್ಯಾಯವೇ ಇದೆ. ಇವರೆಲ್ಲ ಮನುಷ್ಯರು, ಗೌರವಕ್ಕೆ ಅರ್ಹರು, ಪೂಜೆಗಲ್ಲ. ಕಾಬಾದ ಕಪ್ಪು ಕಲ್ಲಿಗೆ ಮುತ್ತಿಡುವಾಗ ಪೈಗಂಬರರ ನಂತರ ಮುಸ್ಲಿಮರ ಎರಡನೇ ನಾಯಕರಾದ ಖಲೀಫ ಉಮರ್, 'ನೀನು ಬರೀ ಕಲ್ಲು, ಒಳ್ಳೆಯದನ್ನೂ ಮಾಡಲಾರೆ, ಕೆಟ್ಟದ್ದನ್ನೂ ಮಾಡಲಾರೆ. ಪೈಗಂಬರರು ಮುತ್ತಿಟ್ಟಿದ್ದನ್ನು ನೋಡಿದ್ದಕ್ಕೆ ನಾನೂ ಇಡುತ್ತಿದ್ದೇನೆ' ಎಂಬರ್ಥದ ಮಾತು ಹೇಳಿದರಂತೆ. ಎಷ್ಟು ನೇರ ಮಾತು ನೋಡಿ.

ಊರಲ್ಲಿ ನಾವು ಕಾಣುತ್ತಿದ್ದದ್ದು ಹಜ್‌ನ ಮೊದಲ ಭಾಗ ಮತ್ತು ಕೊನೆಯ ಭಾಗ. ಹೊರಡುವ ಮುಂಚೆ ಸಾಲ ತೀರಿಸಬೇಕು. ಆಜಾದ್ ನಗರದ ಕಡೆ ಹೊರಟವರು ಮನೆಮನೆಗೆ ಬಂದು 'ಏನಾರ ತಪ್ಪಾಗಿದ್ರೆ ಮಾಫ್ ಮಾಡ್ರಿ' ಅನ್ನುತ್ತಿದ್ದರು. ಮಂಡಕ್ಕಿ ಭಟ್ಟಿಯವರು, ಕಿರಾಣಿ ಅಂಗಡಿಯವರು, ಜಾಗದ ಜಗಳದಲ್ಲಿ ಮಾತು ಬಿಟ್ಟಿದ್ದವರು ಕೂಡ. ವಾಪಸ್ ಬಂದಮೇಲೆ ಖರ್ಜೂರ, ಪುಟ್ಟ ಲೋಟದಲ್ಲಿ ಝಮ್ ಝಮ್ ನೀರು. ಕುಡಿದು ಲೋಟ ಕೊಟ್ಟು ಬರುತ್ತಿದ್ದೆವು. ಅಲ್ಲಿ ಏನೇನು ಮಾಡಿದಿರಿ ಅಂತ ಯಾರೂ ಕೇಳುತ್ತಿರಲಿಲ್ಲ.

ಈಗ ಕೇಳುತ್ತಿದ್ದೇವೆ. ಹಜ್‌ಗೋ ಉಮ್ರಾಕ್ಕೋ (ವರ್ಷದಲ್ಲಿ ಯಾವಾಗ ಬೇಕಾದರೂ ಮಾಡುವ ಮೆಕ್ಕಾದ ಕಿರುಯಾತ್ರೆ) ಹೋಗಿ ಬಂದ ಸದಸ್ಯರು ಮುಂದಿನ ಸಂಚಿಕೆಗೆ ಬರೆಯಿರಿ. ಬಿಸಿಲು, ನೂಕುನುಗ್ಗಲು, ಕಾಲುನೋವು, ಮಿನಾದ ಡೇರೆಯ ಊಟ ಎಲ್ಲ ಇರಲಿ. ಮೊಬೈಲಿನಲ್ಲಿ ಮಾತಾಡಿ ಕಳಿಸಿದರೂ ನಡೆಯುತ್ತದೆ, ಬರೆದುಕೊಳ್ಳುವ ಕೆಲಸ ನಮ್ಮದು.