ಕಾದಂಬರಿಯಿಂದಲೇ ಶುರು ಮಾಡಬೇಕು ಅಂತ ಯಾರು ಹೇಳಿದರು?

ಪ್ರೀತಿಯ ದೋಸ್ತ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಿನ್ನ ಕಡೆ ಪುಣೆಯ ಟ್ರಾಫಿಕ್ಕಿನ ಗದ್ದಲ, ನನ್ನ ಕಡೆ ಆಫೀಸಿನ ಗಡಿಬಿಡಿ. ಅದಕ್ಕೇ ಈಗ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೆಯೇ ಕೇಳುವವರು ಇನ್ನೂ ನಾಲ್ಕು ಮಂದಿ ಇದ್ದಾರೆ. ಅವರೂ ಓದಲಿ ಅಂತ ನಿನ್ನ ಹೆಸರು ಬಿಟ್ಟು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ಬೇಜಾರಾಗಬೇಡ.

ಓದುವ ರೂಢಿ ತಪ್ಪಿದೆ, ದಪ್ಪ ಕಾದಂಬರಿ ತಂದಿಟ್ಟೆ, ಮುಂದೆ ಹೋಗುತ್ತಿಲ್ಲ, ಏನು ಓದಲಿ ಅಂತ ಕೇಳಿದೆ. ಕಾದಂಬರಿಯಿಂದಲೇ ಶುರು ಮಾಡಬೇಕು ಅಂತ ಯಾರು ಹೇಳಿದರು? ಅದನ್ನು ಕಪಾಟಿನಲ್ಲಿಡು. ನಾನೇನು ಸಾಹಿತ್ಯದ ವಿದ್ಯಾರ್ಥಿ ಅಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೋಗಿ ಬರುವಾಗ, ಊಟ ಆದ ಮೇಲೆ, ಸಿಕ್ಕಾಗ ಓದುವವನು. ಆದರೆ ಒಂದು ಮಾತು ನನಗೆ ಪಕ್ಕಾ ಗೊತ್ತಾಗಿದೆ. ಒಂದು ಒಳ್ಳೆಯ ಪುಸ್ತಕ ಸಿಕ್ಕರೆ ಮುಂದಿನದನ್ನು ಅದೇ ಹುಡುಕಿ ಕೊಡುತ್ತದೆ. ಆ ಮುಂದಿನದು ಬಹಳ ಸಲ ಬೇರೆಯೇ ಜಾತಿಯ ಪುಸ್ತಕ ಆಗಿರುತ್ತದೆ. ಹಾಗೆ ಹೋದರೆ ಓದು ನಿಲ್ಲುವುದಿಲ್ಲ.

ನನಗೆ ಹಾಗೆ ಆದದ್ದು ಗಂಗೂಬಾಯಿ ಹಾನಗಲ್ಲರಿಂದ. ಅವರ ಆತ್ಮಕಥೆ 'ನನ್ನ ಬದುಕಿನ ಹಾಡು'. ಅವರು ಹೇಳಿದ್ದನ್ನು ಎನ್. ಕೆ. ಕುಲಕರ್ಣಿಯವರು ಬರೆದುಕೊಂಡದ್ದು. ಓದುವಾಗ ಯಾರೋ ಹಿರಿಯರು ಪಡಸಾಲೆಯಲ್ಲಿ ಕೂತು ಮಾತಾಡಿದ ಹಾಗೆಯೇ ಇರುತ್ತದೆ. ನಮಗೆ ಅವರು ಗೊತ್ತಿದ್ದದ್ದು ದೇಶಪಾಂಡೆ ನಗರದ ದೊಡ್ಡ ಗಾಯಕಿ ಅಂತ, ಪ್ರಶಸ್ತಿ, ಸನ್ಮಾನ, ಪೇಪರಿನ ಫೋಟೋ ಅಂತ. ಆ ದನಿಯ ಹಿಂದೆ ಏನೇನಿತ್ತು ಅಂತ ಗೊತ್ತಿರಲಿಲ್ಲ.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದಾಗ ಅವರಿನ್ನೂ ಸಣ್ಣ ಹುಡುಗಿ. ಅಷ್ಟು ದೊಡ್ಡ ಸಭೆಯಲ್ಲಿ ಹಾಡುವ ಅಂಜಿಕೆಗಿಂತ ಜಾತಿಯ ಅಂಜಿಕೆ ಜಾಸ್ತಿ ಇತ್ತು. ಊಟಕ್ಕೆ ಬೇರೆ ಕೂಡಿಸುತ್ತಾರೋ, ಎಲೆ ಎತ್ತು ಅನ್ನುತ್ತಾರೋ ಎಂಬ ಅಂಜಿಕೆ. ಇದನ್ನು ಅವರೇ ಹೇಳಿಕೊಂಡಿದ್ದಾರೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಮಗಳ ಹಿಂದುಸ್ತಾನಿ ಗಾಯನಕ್ಕೆ ತನ್ನ ಹಾಡು ಅಡ್ಡ ಬರಬಾರದು ಅಂತ ತಾವು ಹಾಡುವುದನ್ನೇ ಬಿಟ್ಟರು. ಈ ಸಾಲು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಆ ರಾತ್ರಿ ಮುಂದೆ ಓದಲಾಗಲಿಲ್ಲ. ಒಬ್ಬ ತಾಯಿ ಮಗಳಿಗಾಗಿ ಎಷ್ಟೋ ಬಿಡಬಹುದು, ದನಿಯನ್ನೇ ಬಿಡುವುದು ಅಂದರೆ!

ಮುಂದೆ ಸವಾಯಿ ಗಂಧರ್ವರಲ್ಲಿ ಪಾಠಕ್ಕೆ ಅಂತ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುವುದು. ಗುರುಗಳು ಒಂದೇ ಪಲುಕನ್ನು, ಅಂದರೆ ಹಾಡಿನ ಒಂದು ಸಣ್ಣ ತುಣುಕನ್ನು, ಮತ್ತೆ ಮತ್ತೆ ಹಾಡಿಸುತ್ತಿದ್ದರಂತೆ. ನಾವಿಬ್ಬರೂ ಅದೇ ದಾರಿಯಲ್ಲಿ ಎಷ್ಟು ಸಲ ರೈಲಿನಲ್ಲಿ ಹೋಗಿದ್ದೇವೆ, ಹೇಳು. ಈಗ ಕುಂದಗೋಳ ಸ್ಟೇಷನ್ ಬಂದರೆ ನಾನು ಕಿಟಕಿಯಿಂದ ಆ ಪ್ಲಾಟ್‌ಫಾರ್ಮನ್ನು ನೋಡುತ್ತಲೇ ಇರುತ್ತೇನೆ. ಒಬ್ಬ ಹೆಣ್ಣುಮಗಳು ಆ ಕಾಲದಲ್ಲಿ, ಜನರ ಮಾತು ಕೇಳಿಸಿಕೊಂಡು, ಅಲ್ಲಿ ಇಳಿದು ಗುರುಗಳ ಮನೆಗೆ ನಡೆದಳು.

ಆ ಪುಸ್ತಕ ಮುಗಿದ ಕೂಡಲೇ ಮಲ್ಲಿಕಾರ್ಜುನ ಮನಸೂರರ 'ನನ್ನ ರಸಯಾತ್ರೆ' ಹಿಡಿದೆ. ಅದರ ರುಚಿಯೇ ಬೇರೆ. ಗಂಗೂಬಾಯಿ ಬದುಕಿನ ಕಷ್ಟ ಹೇಳುತ್ತಾರೆ, ಮನಸೂರರು ರಾಗದ ಬೆನ್ನು ಹತ್ತುತ್ತಾರೆ. ಮೊದಲು ನಾಟಕ ಕಂಪನಿಯ ಬಾಲನಟ, ಆಮೇಲೆ ಮಿರಜಿನ ನೀಲಕಂಠ ಬುವಾರ ಶಿಷ್ಯ, ಆಮೇಲೆ ಮಂಜೀಖಾನರ ಶಿಷ್ಯ. ಮಂಜೀಖಾನರು 1937ರಲ್ಲಿ ಸಣ್ಣ ವಯಸ್ಸಿನಲ್ಲೇ ತೀರಿಕೊಂಡರು. ಮನಸೂರರು ಅವರ ತಮ್ಮ ಬುರ್ಜೀಖಾನರ ಹತ್ತಿರ ಕಲಿಕೆ ಮುಂದುವರಿಸಿದರು. ಗುರುವಿನ ಮೇಲೆ ಅಷ್ಟು ಜೀವ ಇಟ್ಟುಕೊಂಡ ಮನುಷ್ಯನನ್ನು ನಾನು ಬೇರೆ ಪುಸ್ತಕದಲ್ಲಿ ಕಂಡಿಲ್ಲ. ಮನಸೂರು ನಮ್ಮ ಮನೆಯಿಂದ ಸೈಕಲ್ ಮೇಲೆ ಹೋಗುವಷ್ಟು ಹತ್ತಿರ. ಆ ಸಣ್ಣ ಊರಿನಿಂದ ಎಷ್ಟು ದೂರ ಹೋದರು ಅಂತ ನೆನೆದರೆ ಹೆಮ್ಮೆ ಅನಿಸುತ್ತದೆ.

ಇದೆಲ್ಲ ತಲೆಯಲ್ಲಿ ತುಂಬಿಕೊಂಡಾಗ ಕಾದಂಬರಿ ತಾನಾಗಿಯೇ ಕೈಗೆ ಬಂತು. ಭೈರಪ್ಪನವರ 'ಮಂದ್ರ'. ಅದೂ ಹಿಂದುಸ್ತಾನಿ ಸಂಗೀತದ ಲೋಕವೇ. ಆದರೆ ಅದರ ನಾಯಕ ಮೋಹನಲಾಲ ಹಾಡಲು ಕೂತರೆ ದೇವರಂಥವನು, ಎದ್ದರೆ ಮಹಾ ಸ್ವಾರ್ಥಿ. ತಮ್ಮ ಕತೆ ತಾವೇ ಹೇಳುವವರು ಕೆಲವು ಬಾಗಿಲುಗಳನ್ನು ಮುಚ್ಚಿಯೇ ಇಡುತ್ತಾರೆ. ಅದು ಅವರ ಹಕ್ಕು. ಕಾದಂಬರಿಕಾರನಿಗೆ ಆ ಮುಲಾಜಿಲ್ಲ, ಎಲ್ಲ ಬಾಗಿಲನ್ನೂ ತೆಗೆದು ತೋರಿಸುತ್ತಾನೆ. ದೊಡ್ಡ ಕಲೆ ಇದ್ದವನು ಒಳ್ಳೆಯವನೂ ಆಗಿರಬೇಕೇ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅದರ ಹೆಣ್ಣುಮಕ್ಕಳ ಪಾಡು ಓದುವಾಗ ಸಿಟ್ಟು ಬರುತ್ತದೆ. ಕೆಲವು ಕಡೆ ಉದ್ದ ಜಾಸ್ತಿ ಆಯಿತು ಅಂತಲೂ ಅನಿಸಿತು. ಆದರೂ ಬಿಡಲಾಗಲಿಲ್ಲ. ಮೊದಲೇ ಗಂಗೂಬಾಯಿ, ಮನಸೂರರ ಪುಸ್ತಕ ಓದಿದ್ದರಿಂದ ಆ ಲೋಕ ನನಗೆ ಪರಿಚಯ ಇತ್ತು. ನೀನು ಕಾದಂಬರಿಯಿಂದ ಶುರು ಮಾಡಬೇಡ ಅಂದದ್ದು ಇದಕ್ಕೇ.

ಆತ್ಮಕಥೆಯ ರುಚಿ ಹತ್ತಿದ ಮೇಲೆ ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ' ಬಿಡಲಾಗುತ್ತದೆಯೇ? ಅದನ್ನು ಕೊಂಡದ್ದು ಸುಭಾಷ ರಸ್ತೆಯ ಅಟ್ಟದಲ್ಲಿ. ಹೌದು, ಮನೋಹರ ಗ್ರಂಥಮಾಲೆಯ ಅಟ್ಟ. ಜಿ. ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಪ್ರಕಾಶನ. ಕೆಳಗೆ ಸಂತೆ, ಸ್ಕೂಟರ್ ಹಾರ್ನು. ಮೆಟ್ಟಿಲು ಹತ್ತಿದರೆ ಪುಸ್ತಕ. ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಅನಂತಮೂರ್ತಿಯವರ 'ಸಂಸ್ಕಾರ'ವೂ ಇಲ್ಲಿಯದೇ. ಅಲ್ಲಿ ನಿಂತು ಪುಸ್ತಕ ತಿರುವಿ ಹಾಕುವುದೇ ಒಂದು ಸುಖ. ನೀನು ಊರಿಗೆ ಬಂದಾಗ ಕರೆದುಕೊಂಡು ಹೋಗುತ್ತೇನೆ.

'ಆಡಾಡತ ಆಯುಷ್ಯ'ದ ಅರ್ಪಣೆಯನ್ನು ಮೊದಲು ಓದು. ಅರ್ಪಣೆ ಯಾರೂ ಓದುವುದಿಲ್ಲ, ಅಲ್ವಾ? ಇದನ್ನು ಓದಲೇಬೇಕು. ಕಾರ್ನಾಡರು ಹೊಟ್ಟೆಯಲ್ಲಿದ್ದಾಗ ಅವರ ತಾಯಿ, ಮಕ್ಕಳು ಸಾಕು ಅನ್ನಿಸಿ, ಪುಣೆಯಲ್ಲಿ ಡಾ. ಮಧುಮಾಲತಿ ಗುಣೆ ಎಂಬ ಡಾಕ್ಟರರ ದವಾಖಾನೆಗೆ ಹೋಗಿದ್ದರು. ಕಾದರು. ಡಾಕ್ಟರು ಆ ದಿನ ಬರಲೇ ಇಲ್ಲ. ಕಾದು ಬೇಸತ್ತು ಮನೆಗೆ ಬಂದುಬಿಟ್ಟರು. ಕಾರ್ನಾಡರು ತಮ್ಮ ಆತ್ಮಕಥೆಯನ್ನು ಆ ಡಾಕ್ಟರಿಗೇ ಅರ್ಪಿಸಿದ್ದಾರೆ. ಆ ಡಾಕ್ಟರು ಆ ದಿನ ಹೊತ್ತಿಗೆ ಸರಿಯಾಗಿ ಬಂದಿದ್ದರೆ 'ಯಯಾತಿ' ಇಲ್ಲ, 'ತುಘಲಕ್' ಇಲ್ಲ. ವಿಧವೆಯಾಗಿದ್ದ ತಾಯಿಯ ಮರುಮದುವೆಯ ಬಗ್ಗೆಯೂ ಅಷ್ಟೇ ಬಿಚ್ಚು ಮನಸ್ಸಿನಿಂದ ಬರೆದಿದ್ದಾರೆ. ನಮ್ಮ ಮನೆಗಳಲ್ಲಿ ಇಂಥ ಮಾತು ಬಂದರೆ ದೊಡ್ಡವರು ಎದ್ದು ಒಳಗೆ ಹೋಗುತ್ತಾರೆ. ಅದನ್ನು ಒಬ್ಬ ಮಗ ಪ್ರೀತಿಯಿಂದ ಬರೆದದ್ದು ನೋಡಿ ನನಗೆ ಗೌರವ ಹೆಚ್ಚಾಯಿತು.

ಅಲ್ಲಿಂದ ನಾಟಕಕ್ಕೆ ಬಂದೆ. ನಾಟಕವನ್ನು ಸುಮ್ನೆ ಮನಸ್ಸಿನಲ್ಲೇ ಓದಿದರೆ ಅರ್ಧವೇ ಸಿಗುತ್ತದೆ. 'ತುಘಲಕ್'ನಲ್ಲಿ ಅಗಸ ಅಜೀಜ ಬ್ರಾಹ್ಮಣನ ವೇಷ ಹಾಕಿ ಬಾದಶಹನ ಮೇಲೆಯೇ ಖಟ್ಲೆ ಹೂಡಿ ಗೆಲ್ಲುತ್ತಾನೆ. ಆ ಭಾಗವನ್ನು ನಾನು, ತಮ್ಮ ಪಾತ್ರ ಹಂಚಿಕೊಂಡು ಜೋರಾಗಿ ಓದಿದೆವು. ಅವ್ವ ಅಡಿಗೆಮನೆಯಿಂದ ಬಂದು ಕೂತಳು. ನೀನೂ ವೈನಿಯೂ ಒಂದು ಸಂಜೆ ಹಾಗೆ ಓದಿ ನೋಡಿ. ಟಿವಿ ನೆನಪಾಗುವುದಿಲ್ಲ.

'ಯಯಾತಿ' ಮಹಾಭಾರತದ ಕತೆ, ಹೀಗಾಗಿ ಅದು ನನ್ನನ್ನು ಸೀದಾ ಗದಗಿಗೆ ಕಳಿಸಿತು. ವೀರನಾರಾಯಣನ ಗುಡಿಯಲ್ಲಿ ಒಂದು ಕಂಬವನ್ನು ತೋರಿಸುತ್ತಾರೆ, ಕುಮಾರವ್ಯಾಸ ಅದಕ್ಕೆ ಒರಗಿ ಕೂತು ಭಾರತ ಬರೆದ ಅಂತ. ಮಿಂದು ಒದ್ದೆ ಬಟ್ಟೆಯಲ್ಲಿ ಬರೆಯುತ್ತಿದ್ದ, ಬಟ್ಟೆ ಒಣಗಿದರೆ ಆ ದಿನದ ಬರವಣಿಗೆ ಮುಗಿಯಿತು ಅಂತ ಜನ ಹೇಳುತ್ತಾರೆ. ಹತ್ತು ಪರ್ವ, ಎಲ್ಲ ಭಾಮಿನಿ ಷಟ್ಪದಿಯಲ್ಲಿ. ಹಳೆಯ ಕಾವ್ಯ ಅಂತ ಹೆದರಬೇಡ. ವಿರಾಟಪರ್ವದ ಉತ್ತರಕುಮಾರನ ಭಾಗ ತೆಗೆ. ಹೆಂಗಸರ ಮುಂದೆ ಜಂಬ ಕೊಚ್ಚಿಕೊಂಡವನು ಕೌರವರ ಸೈನ್ಯ ಕಂಡ ಕೂಡಲೇ ರಥದಿಂದ ಹಾರಿ ಓಡುತ್ತಾನೆ, ಬೃಹನ್ನಳೆ ಹಿಡಿದು ತರಬೇಕು. ಉತ್ತರನ ಪೌರುಷ ಒಲೆಯ ಮುಂದೆ ಅಂತ ನಾವು ಗಾದೆ ಮಾತ್ರ ಹೇಳುತ್ತೇವೆ, ಮೂಲ ಎಷ್ಟು ಚಂದ ಇದೆ ಅಂತ ಓದಿದರೇ ಗೊತ್ತು. ಗದ್ಯದ ಅರ್ಥ ಇರುವ ಪ್ರತಿ ತಗೋ. ಮೊದಲು ಯಾರಾದರೂ ಗಮಕದಲ್ಲಿ, ಅಂದರೆ ರಾಗ ಹಾಕಿ, ಪದ್ಯ ಓದಿದ್ದನ್ನು ಕೇಳು, ಆಮೇಲೆ ಪುಟ ತೆರೆ. ಪದ ಗೊತ್ತಿಲ್ಲದಿದ್ದರೂ ಲಯ ಎಳೆದುಕೊಂಡು ಹೋಗುತ್ತದೆ. ನನ್ನ ಮಗಳು ಬಿದ್ದು ಬಿದ್ದು ನಕ್ಕಳು, ನಿನ್ನ ಮಕ್ಕಳಿಗೂ ಓದಿ ಹೇಳು.

ಬೇಂದ್ರೆಯವರನ್ನೂ ಹಾಗೆಯೇ, ಕಿವಿಯಿಂದ ಓದಬೇಕು. 'ನಾಕುತಂತಿ' ಪೂರ್ತಿ ತಿಳಿಯಿತು ಅಂತ ನಾನು ಹೇಳಲಾರೆ. ಆದರೆ 'ನೀ ಹೀಂಗ ನೋಡಬ್ಯಾಡ ನನ್ನ' ಎಂಬುದನ್ನು ಎಷ್ಟೋ ಜನ ಪ್ರೇಮಗೀತೆ ಅಂದುಕೊಂಡು ಹಾಡುತ್ತಾರಲ್ಲ, ಅದು ಮಗು ತೀರಿದಾಗ ಗಂಡ ಹೆಂಡತಿಗೆ ಹೇಳುವ ಮಾತು. ಅದು ಗೊತ್ತಿದ್ದು ಒಮ್ಮೆ ಮೆಲ್ಲಗೆ ಓದಿಕೋ. ಶ್ರಾವಣದಲ್ಲಿ ಸಾಧನಕೇರಿಗೆ ಮಳೆ ಹೊಡೆಯುವಾಗ ಅವರ ಶ್ರಾವಣದ ಪದ್ಯ ಓದುವ ಭಾಗ್ಯ ಧಾರವಾಡದವರಿಗೆ ಮಾತ್ರ ಇದೆ. ನೀನು ಪುಣೆಯಲ್ಲಿದ್ದೀಯಾ, ಏನು ಮಾಡುವುದು!

ಇನ್ನು ಪಟಪಟ ಓದಿಸಿಕೊಳ್ಳುವ ಪುಸ್ತಕಗಳು. ಅವುಗಳನ್ನು ಕೀಳು ಅಂತ ತಿಳಿಯುವವರು ನನಗೆ ಹಿಡಿಸುವುದಿಲ್ಲ. ನಮಗೆ ಓದಿನ ಹುಚ್ಚು ಹಿಡಿಸಿದ್ದೇ ಬಾಡಿಗೆ ಲೈಬ್ರರಿಯ ಪತ್ತೇದಾರಿ ಪುಸ್ತಕಗಳು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇಲ್ಲದಿದ್ದರೆ ನಾನು ಮನಸೂರರ ಪುಸ್ತಕದವರೆಗೆ ಬರುತ್ತಿದ್ದೆನೇ? ತೆಲುಗಿನಿಂದ ಬಂದ ಯಂಡಮೂರಿಯವರ 'ತುಳಸಿದಳ' ಓದಿದ ರಾತ್ರಿ ಹಿತ್ತಲಿಗೆ ಹೋಗಲು ಅಂಜಿದ್ದು ನಿನಗೂ ನೆನಪಿರಬೇಕು. ನಿನಗೆ ಈಗ ಒಂದೇ ಗುಕ್ಕಿಗೆ ಮುಗಿಯುವ ಕಾದಂಬರಿ ಬೇಕೆಂದರೆ ತೇಜಸ್ವಿಯವರ 'ಜುಗಾರಿ ಕ್ರಾಸ್' ಓದು. ಕತೆಯ ವೇಗವೂ ಇದೆ, ಮಲೆನಾಡಿನ ಕಾಡು ಯಾರ ಹೊಟ್ಟೆ ಸೇರುತ್ತಿದೆ ಎಂಬ ಸಂಕಟವೂ ಇದೆ. 'ಕರ್ವಾಲೊ' ಅದಕ್ಕಿಂತ ಮೇಲು ಅಂತ ನನ್ನ ಅಭಿಪ್ರಾಯ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಆ ತಂಡದ ಜೊತೆ ನಾನು ಇನ್ನೂ ಎಷ್ಟು ಸಲ ಬೇಕಾದರೂ ಹೋಗಬಲ್ಲೆ.

ಐತಿಹಾಸಿಕ ಕಾದಂಬರಿಗಳಲ್ಲಿ ವಸುಧೇಂದ್ರರ 'ತೇಜೋ-ತುಂಗಭದ್ರಾ' ಹಿಡಿಸಿತು. ಲಿಸ್ಬನ್ನಿನ ನದಿ ಒಂದು, ನಮ್ಮ ನದಿ ಒಂದು. ಹಾವೇರಿ ಕಡೆ ಹೋದಾಗ ತುಂಗಭದ್ರೆಯನ್ನು ನೋಡಿದರೆ ಈಗ ಹಡಗುಗಳ ನೆನಪಾಗುತ್ತದೆ. ಬಾನು ಮುಷ್ತಾಕರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಅವರ ಕತೆಗಳನ್ನು ಓದಿದೆ. 'ಕರಿ ನಾಗರಗಳು' ಓದು. ಗಂಡ ಕೈಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳುವ ಕತೆ. ಸಣ್ಣಕತೆಗೆ ಎಷ್ಟು ಶಕ್ತಿ ಇದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಬದುಕಿನಲ್ಲಿ ಗೆಲ್ಲುವುದು ಹೇಗೆ ಅಂತ ಹೇಳುವ ಪುಸ್ತಕಗಳನ್ನೂ ನೋಡಿದೆ. ನನಗೆ ಏನೂ ಸಿಗಲಿಲ್ಲ. ಕುಂದಗೋಳದ ರೈಲಿನ ಕತೆಯಲ್ಲಿ ಸಿಕ್ಕದ್ದು ಅವುಗಳಲ್ಲಿ ಇರಲಿಲ್ಲ.

ಒಮ್ಮೆಲೇ ಪುಸ್ತಕ ಹಿಡಿಯಲು ಆಗದಿದ್ದರೆ 'ಕಸ್ತೂರಿ'ಯಿಂದ ಶುರು ಮಾಡು. ನಮ್ಮ ಹುಬ್ಬಳ್ಳಿಯಿಂದ 1956ರಿಂದ ಬರುತ್ತಿರುವ ಮಾಸಪತ್ರಿಕೆ, ಪಾ. ವೆಂ. ಆಚಾರ್ಯರು ಬೆಳೆಸಿದ್ದು. ಅವ್ವ ಹಳೆಯ ಸಂಚಿಕೆಗಳನ್ನು ಟ್ರಂಕಿನಲ್ಲಿ ಇಟ್ಟಿದ್ದಾಳೆ. ಹಿಂದಿನ ಪುಟಗಳು ಜಾಸ್ತಿ ಸವೆದಿವೆ, ಯಾಕೆಂದರೆ ಅಲ್ಲಿ ಪುಸ್ತಕ ವಿಭಾಗ ಇರುತ್ತದೆ, ಇಡೀ ಒಂದು ಪುಸ್ತಕದ ಸಂಗ್ರಹ. ಅವ್ವ ಶಾಲೆ ಕಲಿತದ್ದು ಕಡಿಮೆ. ಆದರೆ ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದುಕೊಂಡು, ಮಧ್ಯಾಹ್ನ ಅದನ್ನು ಹಿಂದಿನಿಂದ ತೆರೆಯುತ್ತಿದ್ದಳು. ರಷ್ಯಾದ ಕತೆ, ಬೇಟೆಯ ಕತೆ, ವಿಜ್ಞಾನಿಗಳ ಕತೆ, ಯಾವುದನ್ನೂ ಬಿಡಲಿಲ್ಲ. ಇದು ಯಾವ ಪ್ರಕಾರ, ನನಗೆ ತಿಳಿಯುತ್ತದೋ ಇಲ್ಲವೋ ಅಂತ ಅವಳು ಒಮ್ಮೆಯೂ ಕೇಳಿಕೊಂಡವಳಲ್ಲ.

ಗಂಗೂಬಾಯಿಯವರ ಪುಸ್ತಕ ಮತ್ತು 'ಕರ್ವಾಲೊ' ಎರಡನ್ನೂ ಈ ವಾರ ಪಾರ್ಸಲ್ ಮಾಡುತ್ತೇನೆ. ನಿನಗೆ ಮೊದಲು ಯಾವುದು ಬೇಕೋ ಅದನ್ನು ತೆರೆ. ಮುಗಿದ ಮೇಲೆ ಯಾವ ಕಡೆ ಮನಸ್ಸು ಹೋಯಿತು ಅಂತ ನನಗೆ ಬರೆ, ಫೋನಿನಲ್ಲಿ ಹೇಳಬೇಡ. ಅದನ್ನು ನೋಡಿ ಮುಂದಿನ ಪುಸ್ತಕ ಕಳಿಸುತ್ತೇನೆ. ವೈನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ದೀಪಾವಳಿಗೆ ಬರುವಾಗ ಎರಡು ದಿನ ಜಾಸ್ತಿ ರಜೆ ಹಾಕಿಕೊಂಡು ಬಾ, ಗದಗಿಗೆ ಹೋಗಬೇಕು.

ನಿನ್ನ ದೋಸ್ತ,
ಧಾರವಾಡ