ಅಮ್ಮನ ಕನ್ನಡಕ ಮಾಡಿಸುವ ಮುಂಚೆ

ಪ್ರೀತಿಯ ಗೆಳೆಯಾ,

ನಿಮ್ಮೂರಲ್ಲಿ ಆಪ್ಟೋಮೆಟ್ರಿ ಓದಿದ ಗಂಡ ಹೆಂಡತಿ ಕ್ಲಿನಿಕ್ ತೆರೆದಿದ್ದಾರೆ, ಅಮ್ಮನನ್ನು ಅಲ್ಲಿಗೇ ಕರ್ಕೊಂಡು ಹೋಗಬಹುದಾ ಅಂತ ಕೇಳಿದ್ದೀಯ. ಧಾರಾಳವಾಗಿ ಹೋಗು. ಪವರ್ ಸರಿಯಾಗಿ ಕಂಡುಹಿಡಿಯುವುದಕ್ಕೇ ಅವರು ನಾಲ್ಕು ವರ್ಷ ಓದಿರೋದು. ಆದರೆ ಅಮ್ಮನಿಗೆ ಶುಗರ್ ಇದೆಯಲ್ಲ, ಅದು ಏರಿಳಿಯುತ್ತಿರುವಾಗ ಕಣ್ಣಿನ ಪವರ್ ಕೂಡ ಬದಲಾಗುತ್ತೆ. ಆಗ ಟೆಸ್ಟ್ ಮಾಡಿಸಿದರೆ ಕನ್ನಡಕ ಕೈಗೆ ಬರುವಷ್ಟರಲ್ಲಿ ನಂಬರ್ ತಪ್ಪಾಗಿರುತ್ತೆ. ಕೆಲವು ವಾರ ಶುಗರ್ ಹದಕ್ಕೆ ಬಂದು ನಿಲ್ಲಲಿ, ಆಮೇಲೆ ಹೋಗಿ. ಹಳೇ ಕನ್ನಡಕ ಮರೀಬೇಡ. ಅವರು ಮೊದಲು ಅದರ ಪವರ್ ನೋಡಬೇಕು.

ಕಂಪ್ಯೂಟರ್ ಟೆಸ್ಟಿನ ಚೀಟಿ ಬರೀ ಅಂದಾಜು. ಅದನ್ನೇ ನೋಡಿ ಕನ್ನಡಕ ಬರೆದುಕೊಟ್ಟರೆ ಒಪ್ಪಬೇಡ. ಒಳ್ಳೆಯವರು ಕತ್ತಲಲ್ಲಿ ರೆಟಿನೋಸ್ಕೋಪ್, ಅಂದರೆ ಕಣ್ಣಿಗೆ ಬೆಳಕು ಬಿಟ್ಟು ನೋಡುವ ಕೈ ಉಪಕರಣ, ಹಿಡಿದು, ಕಣ್ಣಿನ ಪಾಪೆಯಲ್ಲಿ ಕಾಣುವ ಕೆಂಪು ಬೆಳಕಿನ ಗೀಟು ಯಾವ ಕಡೆ ಓಡುತ್ತೆ ನೋಡ್ತಾರೆ. ಆ ಓಟ ನಿಲ್ಲುವ ತನಕ ಲೆನ್ಸ್ ಬದಲಿಸುತ್ತಾ ಹೋಗ್ತಾರೆ. 66 ಸೆಂಟಿಮೀಟರ್ ದೂರದಿಂದ ನೋಡಿದ್ದರೆ, ಆ ದೂರದ ಲೆಕ್ಕಕ್ಕೆ ಬಂದ ಪವರ್‌ನಲ್ಲಿ 1.50 ಕಳೀಬೇಕು. ಆಮೇಲೆ ಲೆನ್ಸ್ ಬದಲಿಸಿ ನೋಡುವ ಟ್ರಯಲ್ ಫ್ರೇಮ್ ಹಾಕಿ, ಬೋರ್ಡು ಓದಿಸುತ್ತಾ 'ಇದು ಚೆನ್ನಾಗಿದೆಯಾ, ಅದಾ?' ಅಂತ ಕೇಳ್ತಾರೆ. ಎರಡೂ ಒಂದೇ ಥರ ಕಂಡರೆ ಹಾಗೇ ಹೇಳಲಿ ಅಮ್ಮ, ಸಂಕೋಚಕ್ಕೆ ಯಾವುದೋ ಒಂದು ಹೇಳೋದು ಬೇಡ. ಸಣ್ಣ ತೂತಿನ ಕಪ್ಪು ಬಿಲ್ಲೆ ಹಿಡಿದು ಓದಿಸಿದಾಗಲೂ ಅಕ್ಷರ ಚೂರೂ ಸ್ಪಷ್ಟವಾಗದಿದ್ದರೆ, ತೊಂದರೆ ಬಹುಶಃ ಪೊರೆಯದ್ದೋ ನರದ್ದೋ. ಆಗ ಅವರೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸ್ತಾರೆ. ಶುಗರ್ ಇರುವವರು ಏನೂ ತೊಂದರೆ ಕಾಣದಿದ್ದರೂ ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿಕೊಂಡು ರೆಟಿನಾ ತೋರಿಸಲೇಬೇಕು, ಇದನ್ನ ಮುಂದೂಡಬೇಡ.

'ಹೊಸ ಕನ್ನಡಕ ಹಾಕಿದರೆ ತಲೆ ತಿರುಗುತ್ತೆ' ಅಂತ ಅಮ್ಮ ಕಳೆದ ಸಲದ್ದನ್ನು ಡ್ರಾಯರ್‌ನಲ್ಲೇ ಇಟ್ಟುಬಿಟ್ಟರು ಅಂದಿದ್ದೆ. ಅಂಥದರಲ್ಲಿ ಎಷ್ಟೋ ಸಲ ಪವರ್ ಸರಿಯೇ ಇರುತ್ತೆ, ಅದನ್ನು ಫ್ರೇಮಿಗೆ ಕೂರಿಸುವಾಗ ಎಡವಿರ್ತಾರೆ. ಎರಡು ಪಾಪೆಗಳ ನಡುವಿನ ದೂರ, ಅಂದರೆ ಪಿ.ಡಿ., ಅಳೆಯದೆ ಅಂದಾಜಿಗೆ ಲೆನ್ಸ್ ಕತ್ತರಿಸಿದರೆ ಹೀಗಾಗುತ್ತೆ. ಪವರ್ 4 ಇದ್ದು ಲೆನ್ಸಿನ ನಡುಬಿಂದು 5 ಮಿಲಿಮೀಟರ್ ಜರುಗಿದರೆ ಆ ಕಣ್ಣಿಗೆ 2 ಪ್ರಿಸಂ, ಅಂದರೆ ನೋಟವನ್ನು ಪಕ್ಕಕ್ಕೆ ಸರಿಸುವ ಪರಿಣಾಮ, ಬಿತ್ತು ಅಂತ ಲೆಕ್ಕ. ದಿನವಿಡೀ ಕಣ್ಣು ಎಳೆದು ತಲೆನೋವು ಬರೋದಕ್ಕೆ ಅಷ್ಟು ಸಾಕು. ಸಿಲಿಂಡರ್, ಅಂದರೆ ಒಂದೇ ದಿಕ್ಕಿಗೆ ಬೇಕಾದ ಪವರ್, ಇದ್ದರೆ ಅದನ್ನು ಕೂರಿಸುವ ಕೋನ, ಆಕ್ಸಿಸ್, ಕೂಡ ಅಷ್ಟೇ ಸೂಕ್ಷ್ಮ: 10 ಡಿಗ್ರಿ ತಿರುಗಿದರೆ ಸಿಲಿಂಡರಿನ ಮೂರನೇ ಒಂದು ಪಾಲು ತಿದ್ದದೇ ಉಳಿಯುತ್ತೆ, 30 ಡಿಗ್ರಿ ತಿರುಗಿದರೆ ಸಿಲಿಂಡರ್ ಹಾಕಿಯೂ ಹಾಕದ ಹಾಗೆ. ಗುಂಡು ಫ್ರೇಮಿನ ಸ್ಕ್ರೂ ಸಡಿಲವಾದರೆ ಲೆನ್ಸ್ ತಾನಾಗಿಯೇ ತಿರುಗಿಬಿಡುತ್ತೆ, ಅಮ್ಮನಿಗೆ ಗುಂಡು ಫ್ರೇಮ್ ಬೇಡ.

ಪ್ರೊಗ್ರೆಸಿವ್, ಅಂದರೆ ದೂರಕ್ಕೂ ಓದೋಕೂ ಒಂದೇ ಲೆನ್ಸ್, ಮಾಡಿಸೋದಾದರೆ ಇನ್ನೂ ಹುಷಾರು. ಮೊದಲು ಫ್ರೇಮನ್ನು ಮೂಗಿಗೆ, ಕಿವಿಗೆ ಸರಿಯಾಗಿ ಕೂರುವ ಹಾಗೆ ಬಗ್ಗಿಸಬೇಕು. ಆಮೇಲೆ ಅವರು ಅಮ್ಮನ ಎದುರು ಅದೇ ಎತ್ತರಕ್ಕೆ ಕೂತು, ನೇರ ನೋಡಿಸಿ, ಫ್ರೇಮಿನ ಜೊತೆ ಬರುವ ಡೆಮೊ ಲೆನ್ಸಿನ ಮೇಲೆ ಎರಡೂ ಪಾಪೆಗೆ ಪೆನ್ನಿನಲ್ಲಿ ಬೇರೆ ಬೇರೆ ಚುಕ್ಕೆ ಇಡಬೇಕು. ಆ ಚುಕ್ಕೆಯಿಂದ ಫ್ರೇಮಿನ ಕೆಳ ಅಂಚಿಗೆ ಸುಮಾರು 18 ಮಿಲಿಮೀಟರ್ ಜಾಗ ಇರಲಿ. ಪಟ್ಟಿ ಥರದ ಕಿರಿದಾದ ಫ್ರೇಮ್ ಆರಿಸಿದರೆ ಓದುವ ಭಾಗವೇ ಕತ್ತರಿಸಿ ಹೋಗುತ್ತೆ, ಆಮೇಲೆ ಪೇಪರ್ ಓದೋಕೆ ಅಮ್ಮ ಗದ್ದ ಎತ್ತಿಕೊಂಡು ಒದ್ದಾಡಬೇಕು. ಚುಕ್ಕೆ ಇಡದೆ ಆರ್ಡರ್ ಬರೆಯೋಕೆ ಹೊರಟರೆ ಅಲ್ಲೇ ತಡೆದು ಕೇಳು.

ಕನ್ನಡಕ ಬಂದಾಗ ಲೆನ್ಸಿನ ಮೇಲೆ ಬಣ್ಣದ ಗುರುತುಗಳಿರುತ್ತವೆ. ಒರೆಸೋದಕ್ಕೆ ಮುಂಚೆ ಒಂದು ಸಲ ಅಮ್ಮನಿಗೆ ಹಾಕಿಸಿ ನೋಡು. ಪುಟ್ಟ ಪ್ಲಸ್ (+) ಗುರುತು ಸರಿಯಾಗಿ ಪಾಪೆಯ ನಡುಮಧ್ಯಕ್ಕೆ ಬರಬೇಕು. ಬರದಿದ್ದರೆ ದುಡ್ಡು ಕೊಡಬೇಡ, ವಾಪಸ್ ಕಳಿಸು.

ಇಂತಿ ನಿನ್ನ ಗೆಳೆಯ