ದೀಪಾವಳಿಯಿಂದ ಚಿತ್ತಾರದ ಪ್ರಿಂಟ್ ಇರಲ್ಲ, ಕೈಯಲ್ಲಿ ಬರೆದಿದ್ದು ಮಾತ್ರ

ನಮ್ಮ ಎಲ್ಲಾ ಗ್ರಾಹಕರಿಗೆ ನಮಸ್ಕಾರ,

ಈ ದೀಪಾವಳಿಯಿಂದ ಮದುವೆ ಮನೆ ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರದ ಪ್ರಿಂಟ್ ಕೊಡೋದು ನಿಲ್ಲಿಸ್ತಾ ಇದ್ದೀವಿ, ವಿನೈಲ್ ಸ್ಟಿಕರ್, ಫ್ಲೆಕ್ಸ್, ಮಗ್ ಮೇಲಿನ ಡಿಸೈನ್ ಯಾವುದೂ ಇರಲ್ಲ. ತುಂಬಾ ಜನ ಫೋನ್ ಮಾಡಿ ಕೇಳ್ತಿದ್ದಾರೆ, ಜಾಸ್ತಿ ಹೋಗೋದು ಅದೇ ತಾನೆ, ಅದನ್ನೇ ಯಾಕೆ ನಿಲ್ಲಿಸ್ತೀರ ಅಂತ. ಹೌದು, ಜಾಸ್ತಿ ಹೋಗೋದು ಅದೇ.

ಸಾಗರ, ಸೊರಬ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಅಂದ್ರೆ ಹಸೆಗೋಡೆ ಮೇಲೆ ಚಿತ್ತಾರ ಬರೀಲೇಬೇಕಿತ್ತು, ಮದುಮಕ್ಕಳು ಕೂರೋದೇ ಅದರ ಮುಂದೆ. ಬರೆಯೋರು ಮನೆ ಹೆಣ್ಮಕ್ಕಳು, ಅಕ್ಕಪಕ್ಕದ ಮನೆಯೋರೂ ಬಂದು ಕೈ ಹಾಕೋರು, ಚಿಕ್ಕ ಹುಡುಗೀರು ಅಲ್ಲೇ ಕೂತು ನೋಡ್ತಾ ನೋಡ್ತಾ ಕಲಿಯೋರು. ಈಗ ಹಳ್ಳಿಯಲ್ಲೂ ಮಣ್ಣಿನ ಗೋಡೆ ಕಮ್ಮಿ, ಮದುವೆಯಂತೂ ಕಲ್ಯಾಣ ಮಂಟಪಕ್ಕೆ ಹೋಯ್ತು, ಅಲ್ಲಿ ಸ್ಟೇಜ್ ಡೆಕೋರೇಶನ್ನೋರು ಹಿಂದಿನ ರಾತ್ರಿನೇ ಎಲ್ಲಾ ಮುಗಿಸಿರ್ತಾರೆ.

ಹಂಗಾಗಿ ನಿಜ ಹೇಳ್ಬೇಕಂದ್ರೆ ಚಿತ್ತಾರ ಉಳಿದಿದ್ದರಲ್ಲಿ ಪೇಟೆಯೋರ ಪಾಲು ದೊಡ್ಡದು. ಶಿವಮೊಗ್ಗದ ಮನೆ ಹಾಲ್‌ಗಳಿಂದ, ಹೋಂಸ್ಟೇಗಳಿಂದ, ಆಫೀಸ್‌ಗಳಿಂದ ಆರ್ಡರ್ ಬರದೇ ಇದ್ದಿದ್ರೆ ನಮ್ಮ ಸಂಘದ ಎಷ್ಟೋ ಹುಡುಗೀರು ಚಿತ್ತಾರ ಬರೆಯೋ ಪುಂಡಿ ನಾರಿನ ಬ್ರಷ್ ಮುಟ್ಟುತ್ತಾನೇ ಇರಲಿಲ್ಲ. ಪೇಟೆಗೆ ಬಂದು ಕಲೆ ಕೆಡ್ತು ಅನ್ನೋ ಮಾತನ್ನ ನಾವು ಒಪ್ಪಲ್ಲ. ಹೆಗ್ಗೋಡಿನ ನೀನಾಸಂ ನಾಟಕ ಸಂಸ್ಥೆ 1949ರಲ್ಲಿ ಹಳ್ಳಿಯಲ್ಲೇ ಹುಟ್ಟಿದ್ದು, 1985ರಿಂದ ಅವರ ತಿರುಗಾಟ ತಂಡ ಊರೂರಿಗೂ ನಾಟಕ ತಗೊಂಡು ಹೋಗ್ತಿದೆ, ಕೂತು ನೋಡೋ ಜನ ಸಿಕ್ಕಿದ್ದಕ್ಕೇ ಅದು ಇಷ್ಟು ವರ್ಷ ನಡೆದಿದ್ದು. ಚಿತ್ತಾರಕ್ಕೂ ಅಂಥ ಜನ ಬೇಕು.

ಪ್ರಿಂಟಲ್ಲಿ ಹಂಗಾಗಲ್ಲ. ಒಂದು ಸಲ ಫೈಲ್ ಕಳಿಸಿದ್ರೆ ಅದೇ ಬಾಸಿಂಗ, ಅದೇ ತೇರು ಎಲ್ಲಾ ಗೋಡೆಗೂ ಅಂಟುತ್ತೆ, ಬರೆಯೋರಿಗೆ ಕೆಲಸ ಇಲ್ಲ, ನೋಡೋರಿಗೆ ಅದು ಹೆಂಗೆ ಆಗುತ್ತೆ ಅನ್ನೋದೂ ಗೊತ್ತಾಗಲ್ಲ. ಕೈಯಲ್ಲಾದ್ರೆ ಮೊದಲು ಕೆಮ್ಮಣ್ಣು ಬಳಿದು ಒಣಗಿಸ್ಬೇಕು, ಅಕ್ಕಿ ನೆನೆಸಿ ಅರೆದ್ರೆ ಬಿಳಿ, ಅದೇ ಅಕ್ಕೀನ ಕರ್ರಗೆ ಹುರಿದು ನೆನೆಸಿದ್ರೆ ಕಪ್ಪು, ಗುರಿಗೆ ಕಾಯಿಂದ ಹಳದಿ. ಹಿಟ್ಟು ನೀರಾದ್ರೆ ಗೆರೆ ಹರಡುತ್ತೆ, ಗಟ್ಟಿಯಾದ್ರೆ ಒಣಗಿದ್ಮೇಲೆ ಉದುರುತ್ತೆ, ಆ ಹದ ನಮ್ಮ ದೊಡ್ಡಮ್ಮಂದಿರ ಬೆರಳಿಗೆ ಗೊತ್ತು, ಕಂಪ್ಯೂಟರ್‌ಗೆ ಕೊಡೋಕೆ ಬರಲ್ಲ. ಅವರ ಪಕ್ಕ ಕೂತು ಕಲಿಯೋರು ಇರೋವಾಗ್ಲೇ ಇದು ಮುಂದೆ ಹೋಗ್ಬೇಕು, ನಮಗೆ ಇರೋ ಆತಂಕ ಅದೊಂದೇ.

ರೇಟ್ ವಿಷಯ ನೇರವಾಗಿ ಹೇಳ್ತೀವಿ. ಎರಡು ಅಡಿ ಮೂರು ಅಡಿ ಚಿತ್ತಾರ 3,500 ಇದ್ದಿದ್ದು 4,200 ಆಗುತ್ತೆ, ಹೆಚ್ಚಾಗಿದ್ದು ಪೂರ್ತಿ ಬರೆದೋರ ಕೂಲಿಗೆ ಹೋಗುತ್ತೆ. ಆರ್ಡರ್ ಕೊಟ್ಟ ಮೇಲೆ ಮೂರು ವಾರ ಟೈಮ್ ಕೊಡಿ. ಜೂನ್‌ನಿಂದ ಆಗಸ್ಟ್ ತನಕ ಆರ್ಡರ್ ತಗೊಳಲ್ಲ, ನಮ್ಮ ಮಳೆ ನಿಮಗೆ ಗೊತ್ತೇ ಇದೆ, ಬಣ್ಣ ಒಣಗೋ ಮುಂಚೆ ಬೂಷ್ಟು ಹಿಡಿಯುತ್ತೆ.

ಇನ್ನೊಂದು ಹೊಸದು ಶುರು ಮಾಡ್ತಿದ್ದೀವಿ, ನಮಗೆ ಇದೇ ಜಾಸ್ತಿ ಖುಷಿ. ನಿಮ್ಮ ಮನೆ ಮದುವೆ ಇದ್ರೆ ಇಬ್ಬರು ಬಂದು ಅಲ್ಲೇ ಬರೀತಾರೆ, ಅಪಾರ್ಟ್‌ಮೆಂಟ್ ಆದ್ರೂ ಪರವಾಗಿಲ್ಲ, ಗೋಡೆ ಬೇಡ ಅಂದ್ರೆ ಬೋರ್ಡ್ ಮೇಲೆ ಬರೆದು ಮಂಟಪಕ್ಕೆ ತಗೊಂಡು ಹೋಗ್ಬೋದು. ಒಂದೇ ಷರತ್ತು, ಮನೆಯೋರು ಯಾರಾದ್ರೂ ಜೊತೆಗೆ ಕೂತು ಒಂದಷ್ಟು ಎಳೆಯಾದ್ರೂ ಎಳೀಬೇಕು, ವಂಕಾದ್ರೂ ಸರಿ. ಹಂಗೇ ಭೂಮಿ ಹುಣ್ಣಿಮೆಗೆ ಮುಂಚಿನ ಭಾನುವಾರ ಅಂಗಡಿಯಲ್ಲಿ ಭೂಮಣ್ಣಿ ಬುಟ್ಟಿ ಬರೀತೀವಿ, ಫೀಸ್ ಏನಿಲ್ಲ, ಮಕ್ಕಳನ್ನ ಕರ್ಕೊಂಡು ಬನ್ನಿ. ಹೊಲಕ್ಕೆ ಚರಗ, ಅಂದ್ರೆ ಭೂಮಿತಾಯಿಗೆ ಕೊಡೋ ಎಡೆ, ಒಯ್ಯೋ ಬುಟ್ಟಿ ಅದು, ಹೊಲ ಇಲ್ಲದೋರ ಮನೆಯಲ್ಲೂ ಒಂದು ಇರ್ಲಿ.

ಈಗಾಗ್ಲೇ ಪ್ರಿಂಟ್‌ಗೆ ದುಡ್ಡು ಕೊಟ್ಟಿರೋರು ಚಿಂತೆ ಮಾಡ್ಬೇಡಿ, ಹಬ್ಬದೊಳಗೆ ತಲುಪಿಸ್ತೀವಿ. ಅದರ ಬದ್ಲು ಕೈಯಲ್ಲಿ ಬರೆದಿದ್ದೇ ಬೇಕು ಅಂದ್ರೆ ಹಳೇ ಬಿಲ್ ಫೋಟೋ ತೆಗೆದು ಸಂಘದ ವಾಟ್ಸಾಪ್‌ಗೆ ಹಾಕಿ, ಉಳಿದ ದುಡ್ಡು ಮಾತ್ರ ಕೊಟ್ರೆ ಸಾಕು.

ಸಂಘದ ಎಲ್ಲಾ ಅಕ್ಕತಂಗಿಯರ ಪರವಾಗಿ,
ಕಾರ್ಯದರ್ಶಿ